ಓಡುವಾಗ ತಂಪು, ನಿಂತರೆ ಬಿಸಿ: ಎಸಿ ದೋಷ ಫ್ಯಾನ್‌ನಲ್ಲಿ ಸಿಕ್ಕಿದ್ದು

ರಸ್ತೆಯಲ್ಲಿ ಓಡುವಾಗ ಎಸಿ ಚೆನ್ನಾಗಿ ತಂಪು ಕೊಟ್ಟು, ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತ ಕೂಡಲೇ ಬಿಸಿಗಾಳಿ ಬಿಡುತ್ತಿದ್ದರೆ ಗ್ಯಾಸ್ ತುಂಬಿಸುವ ಮೊದಲು ಬಾನೆಟ್ ಎತ್ತಿ ಫ್ಯಾನ್ ನೋಡಿ. ಓಡುವಾಗ ಕಂಡೆನ್ಸರ್‌ನ (ಎಸಿ ಗ್ಯಾಸ್ ತನ್ನ ಬಿಸಿಯನ್ನು ಹೊರಗೆ ಬಿಡುವ, ರೇಡಿಯೇಟರ್ ಮುಂದಿನ ಜಾಲರಿ) ಬಿಸಿಯನ್ನು ಎದುರುಗಾಳಿಯೇ ಒಯ್ಯುತ್ತದೆ. ನಿಂತಾಗ ಆ ಕೆಲಸವೆಲ್ಲ ಫ್ಯಾನ್‌ನದು.

ನಾನು ರಿಪೇರಿ ಮಾಡಿದ್ದು ಒಂದು ಸಣ್ಣ ಪೆಟ್ರೋಲ್ ಕಾರು. ರೇಡಿಯೇಟರ್‌ಗೂ ಕಂಡೆನ್ಸರ್‌ಗೂ ಸೇರಿ ಒಂದೇ ಫ್ಯಾನ್, ಎರಡು ವೇಗ. ಎಸಿ ಹಾಕಿದ ಕೂಡಲೇ ಫ್ಯಾನ್ ಕಡಿಮೆ ವೇಗದಲ್ಲಿ ತಿರುಗಬೇಕಿತ್ತು, ತಿರುಗಲಿಲ್ಲ. ಮೂರ್ನಾಲ್ಕು ನಿಮಿಷ ಬಿಟ್ಟು ಒಮ್ಮೆಲೇ ಭೋರೆಂದು ತಿರುಗಿ ಮತ್ತೆ ನಿಂತಿತು. ಈ ಲಕ್ಷಣ ನೆನಪಿಡಿ. ಕಡಿಮೆ ವೇಗ ಸತ್ತಿದೆ. ಪೈಪಿನ ಒತ್ತಡ ಮಿತಿ ಮೀರಿದಾಗ ಪ್ರೆಶರ್ ಸೆನ್ಸರ್ ಹೇಳಿ ಹೆಚ್ಚಿನ ವೇಗ ಮಾತ್ರ ಶುರುವಾಗುತ್ತಿದೆ ಎಂದರ್ಥ.

ಎಸಿ ಪೈಪುಗಳಿಗೆ ಒತ್ತಡ ಅಳೆಯುವ ಗೇಜ್ ಹಾಕಿದಾಗ, ಹೊರಗಿನ ಬಿಸಿ 34 ಡಿಗ್ರಿ ಇದ್ದು ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ, ಲೋ ಸೈಡ್ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡೆ) 60, ಹೈ ಸೈಡ್ (ಕಂಪ್ರೆಸರ್ ಅದನ್ನು ಒತ್ತಿ ಕಳಿಸುವ ಕಡೆ) 320 ಪಿಎಸ್‌ಐ (ಒತ್ತಡದ ಅಳತೆ) ಬಂತು. ಬಾನೆಟ್ ಮುಂದೆ ಮನೆಯ ಪೆಡೆಸ್ಟಲ್ ಫ್ಯಾನ್ ಇಟ್ಟು ಕಂಡೆನ್ಸರ್‌ಗೆ ಗಾಳಿ ಹೊಡೆಸಿದೆ. ಹೈ ಸೈಡ್ ನೋಡನೋಡುತ್ತಿದ್ದಂತೆ 230ಕ್ಕೆ ಇಳಿಯಿತು. ಕಂಪ್ರೆಸರ್, ಗ್ಯಾಸ್ ಎರಡೂ ಸರಿ, ಗಾಳಿಯದ್ದೇ ಕೊರತೆ ಎಂಬುದು ಅಲ್ಲಿಗೆ ಖಚಿತ. ಇಂಥ ಸ್ಥಿತಿಯಲ್ಲಿ ಇನ್ನೂ 100 ಗ್ರಾಂ ಗ್ಯಾಸ್ ಹಾಕಿದರೆ ಒತ್ತಡ ಮತ್ತಷ್ಟು ಏರಿ ಕಂಪ್ರೆಸರ್ ಪದೇ ಪದೇ ಕಟ್ ಆಗುತ್ತದೆ. ಎಂಜಿನ್ ಆಫ್ ಇದ್ದಾಗಿನ ಒತ್ತಡ ನೋಡಿ ಗ್ಯಾಸ್ ಎಷ್ಟಿದೆ ಎಂದು ಹೇಳುವವರನ್ನೂ ನಂಬಬೇಡಿ. 30 ಡಿಗ್ರಿಯಲ್ಲಿ ಎಸಿ ಗ್ಯಾಸ್ ಆರ್-134ಎ ಒತ್ತಡ ಸುಮಾರು 97 ಪಿಎಸ್‌ಐ. ಒಳಗೆ ಸ್ವಲ್ಪವಾದರೂ ದ್ರವ ಉಳಿದಿರುವವರೆಗೆ, ಇರುವುದು 200 ಗ್ರಾಂ ಆದರೂ 400 ಗ್ರಾಂ ಆದರೂ ಗೇಜ್ ಅಷ್ಟೇ ತೋರಿಸುತ್ತದೆ.

ಮುಂದೆ ವಿದ್ಯುತ್ ಭಾಗ. ಫ್ಯೂಸ್ ಕಣ್ಣಿಗೆ ಸರಿಯಿದ್ದರೆ ಸಾಲದು, ಅದರ ಎರಡೂ ತುದಿಯಲ್ಲಿ 12 ವೋಲ್ಟ್ ಬರುತ್ತದೆಯೇ ನೋಡಬೇಕು. ಆಮೇಲೆ ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್, ಪ್ರತಿ ವೇಗಕ್ಕೂ ಒಂದು) ಕಿತ್ತು, ಅದರ ಸಾಕೆಟ್‌ನಲ್ಲಿ 30 ಮತ್ತು 87ನೇ ಪಿನ್ ಕೂರುವ ಜಾಗಗಳನ್ನು ಫ್ಯೂಸ್ ಇರುವ ದಪ್ಪ ವೈರಿನಿಂದ ಸೇರಿಸಿದೆ. ಹೆಚ್ಚಿನ ವೇಗದ ಸಾಕೆಟ್‌ನಲ್ಲಿ ಫ್ಯಾನ್ ತಿರುಗಿತು, ಕಡಿಮೆ ವೇಗದ್ದರಲ್ಲಿ ಇಲ್ಲ. ಅಂದರೆ ದೋಷ ರಿಲೇಯಿಂದಾಚೆಗೆ, ಕರೆಂಟ್ ತಗ್ಗಿಸಿ ಕಡಿಮೆ ವೇಗ ಕೊಡುವ ರೆಸಿಸ್ಟರ್‌ನಲ್ಲಿ. ಫ್ಯಾನ್ ಕವಚಕ್ಕೆ ಅಂಟಿಕೊಂಡಿರುವ ಈ ಪುಟ್ಟ ಭಾಗ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ನನ್ನ ಮೀಟರ್‌ನಲ್ಲಿ ಓಪನ್ ಬಂತು, ಅಂದರೆ ಒಳಗೆ ಕರೆಂಟಿನ ದಾರಿ ಕಡಿದಿದೆ.

ಎರಡು ರಿಲೇಗಳಲ್ಲೂ ಹೀಗೆ ಸೇರಿಸಿದಾಗ ಫ್ಯಾನ್ ತಿರುಗಿದರೆ ದೋಷ ರಿಲೇಯಲ್ಲೋ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಡೆಯೋ ಇರುತ್ತದೆ. ಆಗ ಕೂಲಂಟ್ ಸೆನ್ಸರ್‌ನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ ಇಗ್ನಿಷನ್ ಆನ್ ಮಾಡಿ ನೋಡಿ. ಅನೇಕ ಕಾರುಗಳಲ್ಲಿ ಇಸಿಯು ಸುರಕ್ಷತೆಗೆಂದು ಫ್ಯಾನನ್ನು ತಾನೇ ಓಡಿಸುತ್ತದೆ. ಕೂಲಂಟ್ ಮಟ್ಟವನ್ನೂ ನೋಡಿ, ಆದರೆ ಎಂಜಿನ್ ತಣಿದ ಮೇಲೆಯೇ ಮುಚ್ಚಳ ತೆಗೆಯಬೇಕು. ಮಟ್ಟ ತೀರ ಇಳಿದರೆ ಸೆನ್ಸರ್ ದ್ರವದಲ್ಲಿ ಮುಳುಗದೆ ಎಂಜಿನ್ನಿನ ನಿಜವಾದ ಬಿಸಿ ತಿಳಿಯದು, ಫ್ಯಾನ್ ಹೊತ್ತಿಗೆ ಸರಿಯಾಗಿ ಬರದು.

ಹೊಸ ರೆಸಿಸ್ಟರ್ ಹಾಕಿ ಕೈ ತೊಳೆದುಕೊಂಡರೆ ಕೆಲವೇ ತಿಂಗಳಲ್ಲಿ ಅದೂ ಸುಡುತ್ತದೆ. ಅದು ಸುಮ್ಮನೆ ಸುಡುವ ಭಾಗವಲ್ಲ. ಮೋಟರ್ ಬಿಗಿಯಾಗಿ ಹೆಚ್ಚು ಕರೆಂಟ್ ಎಳೆದಾಗ ಬಲಿಯಾಗುತ್ತದೆ. ಆದ್ದರಿಂದ ಬ್ಯಾಟರಿಯ ನೆಗೆಟಿವ್ ತೆಗೆದು ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ. (ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುತ್ತದೆ, ನೆಗೆಟಿವ್ ತೆಗೆಯದೆ ಕೈ ಹಾಕಲೇಬೇಡಿ.) ಒಂದು ಕಡೆ ಬಿಗಿ, ಅಲುಗಾಟ ಬೇರೆ: ಮೋಟರ್‌ನ ದಂಡವನ್ನು ಹಿಡಿದಿಡುವ ಬುಷ್ ಸವೆದಿದೆ. ಮತ್ತೆ ನೆಗೆಟಿವ್ ಜೋಡಿಸಿ, ಹೆಚ್ಚಿನ ವೇಗದಲ್ಲಿ ಓಡಿಸಿ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದರೆ 19 ಆಂಪ್. ಹೊಸ ಮೋಟರ್ ಎಳೆದದ್ದು 11. ರೆಸಿಸ್ಟರ್, ಮೋಟರ್ ಎರಡನ್ನೂ ಬದಲಿಸಿದೆ. ಮೋಟರ್‌ನ ವೈರ್ ಅದಲುಬದಲಾದರೆ ಅದು ಹಿಂದುಮುಂದಾಗಿ ತಿರುಗಿ ಓಡುವ ಕಾರಿನ ಎದುರುಗಾಳಿಯನ್ನೇ ತಡೆಯುತ್ತದೆ. ಎಂಜಿನ್ನಿನ ಮುಂದಿರುವ ಗ್ರಿಲ್‌ಗೆ ಕಾಗದ ಹಿಡಿದಾಗ ಅದು ಒಳಕ್ಕೆ ಅಂಟಬೇಕು.

ರೆಸಿಸ್ಟರ್ ಬಿಟ್ಟು ವೈರ್ ನೇರ ಜೋಡಿಸಿ ‘ಇನ್ನು ಫ್ಯಾನ್ ಫುಲ್ ಸ್ಪೀಡಲ್ಲೇ ಓಡುತ್ತೆ’ ಎನ್ನುವ ಪರಿಹಾರ ನನಗೆ ಒಪ್ಪಿಗೆಯಿಲ್ಲ. ಕಪ್ಲರ್‌ನ ಮೇಲೂ ಮೋಟರ್‌ನ ಮೇಲೂ ಸದಾ ಪೂರ್ತಿ ಭಾರ ಬೀಳುತ್ತದೆ, ಕಪ್ಲರ್ ಕರಗುವುದು ಇದರಿಂದಲೇ.

ಅರ್ಥಿಂಗ್ (ಮೋಟರ್‌ನ ನೆಗೆಟಿವ್ ವೈರ್ ಕಾರಿನ ಬಾಡಿಗೆ ಸೇರುವ ಬೋಲ್ಟ್) ನೋಡದೆ ಬಿಡಬೇಡಿ. ಫ್ಯಾನ್ ಓಡುತ್ತಿರುವಾಗ ಮೋಟರ್‌ನ ನೆಗೆಟಿವ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆದಾಗ 1.1 ವೋಲ್ಟ್ ನಷ್ಟವಾಗುತ್ತಿತ್ತು. ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿದು ವ್ಯಾಸಲೀನ್ ಸವರಿದ ಮೇಲೆ 0.1.

ಫ್ಯಾನ್ ಬಿಚ್ಚಿದಾಗಲೇ ಕಂಡೆನ್ಸರ್–ರೇಡಿಯೇಟರ್ ನಡುವಿನ ಸಂದಿಯನ್ನೂ ನೋಡಿ. ಕೆಂಪು ಮಣ್ಣು, ಹುಲ್ಲಿನ ನಾರು, ಹುಳುಗಳು ಅಲ್ಲಿ ಕಂಬಳಿಯಂತೆ ಕೂರುತ್ತವೆ. ಒಳಗಿನಿಂದ ಹೊರಕ್ಕೆ, ತೋಟದ ಪೈಪಿನ ಮೆಲ್ಲನೆಯ ನೀರು ಸಾಕು. ಪ್ರೆಶರ್ ವಾಷರ್ ಹಿಡಿದರೆ ಫಿನ್‌ಗಳು ಮಡಚಿ ದಾರಿಯೇ ಮುಚ್ಚುತ್ತದೆ.

ಇಷ್ಟಾದ ಮೇಲೆ ಅದೇ ಬಿಸಿಲಿನಲ್ಲಿ, ಐಡ್ಲಿಂಗ್‌ನಲ್ಲಿ, ಲೋ 36, ಹೈ 205. ವೆಂಟ್‌ನಲ್ಲಿ 9 ಡಿಗ್ರಿ. ಗ್ಯಾಸ್ ಮುಟ್ಟಲೇ ಇಲ್ಲ. ಒಂದು ವೇಳೆ ಸಿಸ್ಟಂ ತೆರೆಯಬೇಕಾಗಿ ಬಂದರೆ, ಗ್ಯಾಸ್ ತುಂಬುವ ಮೊದಲು ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯಬೇಕು. ಆಗ ಬೆಂಗಳೂರಿನಲ್ಲಿರುವವರು ವ್ಯಾಕ್ಯೂಮ್ ಗೇಜ್ 29 ಇಂಚು (ಪಾದರಸದ ಅಳತೆ) ಮುಟ್ಟಲಿಲ್ಲವೆಂದು ಲೀಕ್ ಹುಡುಕಿ ಸುಸ್ತಾಗಬೇಡಿ. ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ಗಾಳಿಯ ಒತ್ತಡವೇ ಕಡಿಮೆ, 27 ಇಂಚಿನ ಆಸುಪಾಸಿನಲ್ಲೇ ಮುಳ್ಳು ನಿಲ್ಲುತ್ತದೆ. ಅರ್ಧ ಗಂಟೆ ಎಳೆದು, ವಾಲ್ವ್ ಮುಚ್ಚಿ, ಕಾಲು ಗಂಟೆ ಮುಳ್ಳು ಕದಲದಿದ್ದರೆ ಸಾಕು. ಗ್ಯಾಸನ್ನು ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿರುವಷ್ಟೇ, ತಕ್ಕಡಿಯಲ್ಲಿ ತೂಗಿ ಹಾಕಬೇಕು.

ಕೊನೆಗೆ ಅರ್ಧ ಗಂಟೆ ಎಸಿ ಹಾಕಿ ನಿಲ್ಲಿಸಿಟ್ಟು, ಎಂಜಿನ್ ಆಫ್ ಮಾಡಿ ನೆಗೆಟಿವ್ ತೆಗೆದು, ಫ್ಯಾನ್ ಕಪ್ಲರ್ ಮುಟ್ಟಿ ನೋಡಿದೆ. ಉಗುರುಬೆಚ್ಚಗಿತ್ತು. ಕೈ ಸುಡುವಷ್ಟಿದ್ದರೆ ಒಳಗಿನ ಪಿನ್ ಸಡಿಲವಾಗಿದೆ, ಆ ಕಪ್ಲರನ್ನೂ ಬದಲಿಸಿ.