ಲೇತಿನ ಮೇಲಿನ ಟ್ಯೂಬ್‌ಲೈಟ್ ಇಳಿಸಿದ ಕತೆ

ತೀರ್ಥಹಳ್ಳಿ ಹತ್ತಿರ ನನ್ನದೊಂದು ಮರಗೆಲಸದ ಶೆಡ್ ಇದೆ. ಹಂಚಿನ ಮಾಡು, ಜಂತಿಗೆ ಹೊಡೆದ ಆರು ಟ್ಯೂಬ್‌ಲೈಟ್. ಮಳೆ ಹಿಡಿದರೆ ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕಬೇಕು. ಎರಡು ಟ್ಯೂಬ್ ಮಿಣಿಮಿಣಿ ಅನ್ನುತ್ತಿದ್ದವು, ಒಂದರ ತುದಿ ಕಪ್ಪಾಗಿತ್ತು. ವೋಲ್ಟೇಜ್ ಕಮ್ಮಿಯಾದ ಸಂಜೆ ಸ್ಟೂಲ್ ಹತ್ತಿ ಸ್ಟಾರ್ಟರ್ ತಿರುಗಿಸೋದೇ ಒಂದು ಕೆಲಸ. ಆದರೂ ವರ್ಷಗಟ್ಟಲೆ ಅದರಲ್ಲೇ ಕಾಲ ತಳ್ಳಿದೆ.

ಕೊನೆಗೆ ಹೆದರಿಸಿದ್ದು ಲೇತ್, ಮರ ತಿರುಗಿಸಿ ಕಡೆಯುವ ಯಂತ್ರ. ಒಂದು ಸಂಜೆ ಮಂಚದ ಕಾಲು ಕಡೆದು ಮುಗಿಸಿ ಸ್ವಿಚ್ ಆರಿಸಿದೆ. ಮರ ಕಚ್ಚಿ ಹಿಡಿಯುವ ಚಕ್ ನಿಂತಂತೆ ಕಂಡಿತು. ಕೈ ಚಾಚಿದವನು ಗಾಳಿ ತಾಗಿದ್ದಕ್ಕೆ ಹಿಂದೆ ತೆಗೆದೆ. ಇನ್ನೂ ತಿರುಗುತ್ತಲೇ ಇತ್ತು! ತಾಮ್ರದ ಚೋಕ್ ಇರುವ ಟ್ಯೂಬ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನನ್ನ ಚಕ್‌ಗೆ ನಾಲ್ಕು ಹಲ್ಲು. ನಿಮಿಷಕ್ಕೆ 1500 ಸುತ್ತು ಅಂದರೆ ಸೆಕೆಂಡಿಗೆ 25. ಪ್ರತಿ ಮಿನುಗಿಗೂ ಒಂದು ಹಲ್ಲು ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ, ಕಣ್ಣಿಗೆ ಅಲುಗಾಟವೇ ಇಲ್ಲ. ಹಿಂದೆ ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳಿಗೆ ಬೇರೆ ಬೇರೆ ಫೇಸ್ ಕೊಡುತ್ತಿದ್ದುದು ಇದಕ್ಕೇ, ಎಲ್ಲವೂ ಒಟ್ಟಿಗೆ ಮಿನುಗಬಾರದು ಅಂತ.

ಆಮೇಲೆ ಕರೆಂಟಿನ ಲೆಕ್ಕ ಹಾಕಿದೆ. 36 ವಾಟಿನ ಟ್ಯೂಬ್‌ಗೆ ಚೋಕ್ ತಿನ್ನೋದೂ ಸೇರಿ ಹತ್ತಿರ ಹತ್ತಿರ 50 ವಾಟ್. ಎಲ್‌ಇಡಿ ಟ್ಯೂಬ್ 20. ಆರಕ್ಕೆ 180 ವಾಟ್ ಉಳಿತಾಯ. ದಿನಕ್ಕೆ 8 ಗಂಟೆ, 25 ದಿನ ಅಂದರೆ ತಿಂಗಳಿಗೆ 36 ಯೂನಿಟ್. ಬಿಡುವಷ್ಟು ಸಣ್ಣದಲ್ಲ.

ಮೊದಲ ಸಲ ದುಡ್ಡು ಉಳಿಸಲು ಹೋಗಿ ಅಗ್ಗದ ಎರಡು ತಂದೆ. ಏಪ್ರಿಲ್ಲಿನ ಗುಡುಗು ಮಳೆಗೆ ಎರಡೂ ಒಂದೇ ರಾತ್ರಿ ಹೋದವು. ಹಳೇ ಚೋಕ್ ಮಾತ್ರ ಏನೂ ಆಗದ ಹಾಗೆ ಗುಂಯ್ ಅನ್ನುತ್ತಿತ್ತು. ಅದನ್ನು ಬೈಯೋಕಾಗಲ್ಲ ಬಿಡಿ. ಇನ್ನೊಂದು ಪೆಟ್ಟು ಬಣ್ಣದ್ದು. ಆ ನೀಲಿ ಬಿಳಿ ಬೆಳಕಲ್ಲಿ ಹಲಸಿನ ಬೀರುವಿಗೆ ಪಾಲಿಶ್ ಹೊಡೆದು ಕಳಿಸಿದ್ದೆ. "ಆಚಾರ್ರೇ, ಬಾಗಿಲು ಒಂದು ಬಣ್ಣ, ಪಕ್ಕ ಒಂದು ಬಣ್ಣ ಅಲ್ವಾ?" ಅಂದರು ಮನೆಯವರು. ಅಂಗಳದ ಬಿಸಿಲಲ್ಲಿ ನೋಡಿದೆ. ಹೌದು.

ಎರಡನೇ ಸಲ ಅಂಗಡಿಯಲ್ಲೇ ಉರಿಸಿ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿದೆ. ಕಪ್ಪು ಪಟ್ಟೆ ಓಡಿದರೆ ಮಿನುಗುತ್ತದೆ ಅಂತ ಅರ್ಥ, ಅಂಥದ್ದನ್ನು ಅಲ್ಲೇ ಬಿಟ್ಟೆ. ಡಬ್ಬಿ ಮೇಲೆ 4000 ಕೆಲ್ವಿನ್ (ತೀರಾ ನೀಲಿಯೂ ಅಲ್ಲ, ಹಳದಿಯೂ ಅಲ್ಲದ ಬಿಳಿ), ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನೋ ಅಳತೆ) 80ಕ್ಕಿಂತ ಜಾಸ್ತಿ ಇದ್ದದ್ದನ್ನು ಆರಿಸಿದೆ. ಮೇನ್ ಬೋರ್ಡಿಗೆ ಸರ್ಜ್, ಅಂದರೆ ಥಟ್ಟನೆ ಏರುವ ವೋಲ್ಟೇಜ್, ತಡೆಯುವ ಸಾಧನ ಹಾಕಿಸಿದೆ.

ಟ್ಯೂಬ್ ಕೂರಿಸುವ ಹಳೇ ಪಟ್ಟಿಗಳಲ್ಲಿ ಮೂರು ಗಟ್ಟಿಯಿದ್ದವು, ಉಳಿಸಿಕೊಂಡೆ. ಮಿಕ್ಕ ಮೂರಕ್ಕೆ ತುಕ್ಕು, ಹೋಲ್ಡರ್ ಮುಟ್ಟಿದರೆ ಪುಡಿ. ಉಳಿಸಿದ್ದರಲ್ಲಿ ವೈರಿಂಗ್ ಹುಡುಗ ಚೋಕ್ ಸ್ಟಾರ್ಟರ್ ಎರಡೂ ತೆಗೆದು ನೇರ ಲೈನ್ ಕೊಟ್ಟ. "ಅಣ್ಣ, ಇದು ಒಂದೇ ತುದಿಗೆ ಫೇಸ್, ನ್ಯೂಟ್ರಲ್ ಎರಡೂ ಕೊಡೋ ಟ್ಯೂಬು. ಮರೆತು ಹಳೇದು ಸಿಕ್ಕಿಸಿದ್ರೆ ಸುಟ್ಟೇ ಹೋಗುತ್ತೆ" ಅಂದ. ಪಟ್ಟಿ ಮೇಲೆ ಪೇಂಟಲ್ಲಿ "ಎಲ್‌ಇಡಿ ಮಾತ್ರ" ಅಂತ ಬರೆದಿದ್ದೇನೆ.

ನಿಜವಾದ ವ್ಯತ್ಯಾಸ ಬಂದದ್ದು ಜಾಗದಿಂದ. ಮೊದಲು ಎಲ್ಲಾ ಲೈಟೂ ನಡುಸಾಲಲ್ಲಿ, ನನ್ನ ಬೆನ್ನ ಹಿಂದೆ. ಉಳಿ ಹಿಡಿದರೆ ಗೆರೆ ಮೇಲೆ ನನ್ನದೇ ನೆರಳು. ಎರಡನ್ನು ಸರಪಳಿಯಲ್ಲಿ ಕೆಳಗಿಳಿಸಿ ಬೆಂಚಿನ ಮುಂದಕ್ಕೆ, ಎಡಕ್ಕೆ ತಂದೆ. ಪೆನ್ಸಿಲ್ ಗೆರೆ ಹುಡುಕೋಕೆ ಈಗ ಕನ್ನಡಕ ಏರಿಸಬೇಕಾಗಿಲ್ಲ. ಲೇತಿಗೆ ತೋಳಿರುವ ಬೇರೆ ದೀಪ ಇದೆ.

ಗುಜರಿಯವ ಚೋಕ್ ನೋಡಿದ್ದೇ ತಕ್ಕಡಿ ತೆಗೆದ. ಒಳಗೆ ತಾಮ್ರ ಇದೆಯಲ್ಲ. ಟ್ಯೂಬ್ ಮಾತ್ರ ಮುಟ್ಟಲಿಲ್ಲ. ಒಳಗೆ ಪಾದರಸ ಇರೋದ್ರಿಂದ ಒಡೆಯೋಕೂ ಮನಸ್ಸಿಲ್ಲ. ಗೋಣಿಯಲ್ಲಿ ಸುತ್ತಿ ಹಲಗೆಗಳ ಹಿಂದೆ ನಿಲ್ಲಿಸಿದ್ದೇನೆ, ಆರೂ ಅಲ್ಲೇ ಇವೆ.