ನಿದ್ದೆಯಲ್ಲಿ ಹಾಸಿಗೆ ಒದ್ದೆಯಾದರೆ: ಆರೈಕೆ ಹಗಲಿನಲ್ಲೇ ಶುರುವಾಗಲಿ

ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಲು ಹಿಂಜರಿಯುವ, ಮದುವೆ ಮನೆಯಲ್ಲಿ ಉಳಿದ ಮಕ್ಕಳೊಂದಿಗೆ ಜಮಖಾನದ ಮೇಲೆ ಮಲಗಲು ಒಪ್ಪದ ಏಳೆಂಟು ವರ್ಷದ ಮಗುವಿನ ಹಠದ ಹಿಂದೆ ಎಷ್ಟೋ ಸಲ ಇರುವುದು ರಾತ್ರಿ ಹಾಸಿಗೆ ಒದ್ದೆಯಾದೀತೆಂಬ ಭಯ. ಐದು ವರ್ಷ ತುಂಬಿದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಈ ತೊಂದರೆ ಇರುತ್ತದೆ. ಗಂಡುಮಕ್ಕಳಲ್ಲಿ ಇದು ಹೆಚ್ಚು. ಐದರೊಳಗಿನ ಮಕ್ಕಳಲ್ಲಿ ಇದನ್ನು ತೊಂದರೆಯೆಂದು ವೈದ್ಯರು ಎಣಿಸುವುದೇ ಇಲ್ಲ.

ಮಗು ಸೋಮಾರಿತನದಿಂದಲೋ ಹಟಮಾರಿತನದಿಂದಲೋ ಹೀಗೆ ಮಾಡುವುದಿಲ್ಲ ಎಂಬುದನ್ನು ಮನೆಯವರೆಲ್ಲರೂ ಮೊದಲು ಒಪ್ಪಬೇಕು. ಪಿಟ್ಯುಟರಿ ಗ್ರಂಥಿಯಿಂದ ಹೊರಬರುವ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನ್ ರಾತ್ರಿ ಹೊತ್ತು ಹೆಚ್ಚಾಗಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸಬೇಕು. ಕೆಲವು ಮಕ್ಕಳಲ್ಲಿ ಈ ಏರಿಕೆ ಸಾಲದೆ ಹೋಗುತ್ತದೆ. ಇನ್ನು ಕೆಲವರ ಮೂತ್ರಕೋಶ ವಯಸ್ಸಿಗೆ ತಕ್ಕಷ್ಟು ಹಿಡಿದಿಟ್ಟುಕೊಳ್ಳದು. ಯಾವುದೇ ಕಾರಣವಿರಲಿ, ಮೂತ್ರಕೋಶ ತುಂಬಿದಾಗ ಮಗುವಿಗೆ ಎಚ್ಚರವಾಗದಿರುವುದೇ ಕೊನೆಯ ಕೊಂಡಿ. ಇದು ವಂಶಪಾರಂಪರ್ಯವಾಗಿಯೂ ಬರುತ್ತದೆ. ಆದ್ದರಿಂದ ಬಾಲ್ಯದಲ್ಲಿ ತನಗೂ ಹೀಗಾಗುತ್ತಿತ್ತೆಂದು ತಂದೆಯೋ ತಾಯಿಯೋ ಮಗುವಿಗೆ ಹೇಳಿದರೆ ಅದಕ್ಕೆ ಸಿಗುವ ಧೈರ್ಯ ದೊಡ್ಡದು.

ಮೊದಲು ಮಾಡಬೇಕಾದದ್ದು ಮಕ್ಕಳ ವೈದ್ಯರನ್ನು ಕಂಡು, ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು. ಆರು ತಿಂಗಳಿಗೂ ಹೆಚ್ಚು ಕಾಲ ಹಾಸಿಗೆ ಒಣಗಿದ್ದು ಆಮೇಲೆ ಮತ್ತೆ ಒದ್ದೆಯಾಗತೊಡಗಿದರೆ ಅದಕ್ಕೆ ಹೆಚ್ಚಾಗಿ ಹೊಸ ಕಾರಣವೊಂದಿರುತ್ತದೆ: ಮೂತ್ರನಾಳದ ಸೋಂಕು, ತಂಗಿ ಅಥವಾ ತಮ್ಮನ ಜನನ, ಶಾಲೆಯ ಬದಲಾವಣೆ, ಮನೆಯೊಳಗಿನ ಜಗಳ, ಯಾರಿಂದಲೋ ಆಗುತ್ತಿರುವ ಕಿರುಕುಳ. ಅತಿಯಾದ ಬಾಯಾರಿಕೆಯೊಂದಿಗೆ ಮಗು ತೂಕ ಕಳೆದುಕೊಳ್ಳುತ್ತಿದ್ದರೆ ಮಧುಮೇಹದ ಶಂಕೆ ಇರುವುದರಿಂದ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಉರಿಮೂತ್ರ, ಹಗಲಿನಲ್ಲಿಯೂ ಬಟ್ಟೆ ಒದ್ದೆಯಾಗುವುದು, ನಡಿಗೆಯಲ್ಲಿ ದೌರ್ಬಲ್ಯ, ಜೋರಾದ ಗೊರಕೆ ಇವನ್ನೂ ವೈದ್ಯರಿಗೆ ಮರೆಯದೆ ತಿಳಿಸಿ.

ಅನಂತರ ಒಂದು ನೋಟ್‌ಪುಸ್ತಕ ತೆರೆಯಿರಿ. ಎರಡು ವಾರ, ಒದ್ದೆಯಾದ ಮತ್ತು ಒಣಗಿದ್ದ ರಾತ್ರಿಗಳು, ಮಗು ಕುಡಿದ ನೀರು, ಮಲವಿಸರ್ಜನೆಯ ದಿನಗಳನ್ನು ಬರೆಯಿರಿ. ಯಾವುದಾದರೂ ಎರಡು ರಜಾ ದಿನ ಹಳೆಯ ಅಳತೆಲೋಟವೊಂದರಲ್ಲಿ ಮೂತ್ರವನ್ನು ಅಳೆಯಿರಿ. ಮಗುವಿನ ವಯಸ್ಸಿಗೆ ಒಂದನ್ನು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಎಷ್ಟು ಮಿಲಿಲೀಟರ್ ಹಿಡಿಯಬೇಕೆಂಬ ಅಂದಾಜು ದೊರೆಯುತ್ತದೆ. ಏಳು ವರ್ಷದ ಮಗುವಿಗೆ ಅದು 240. ಈ ಪುಸ್ತಕವನ್ನು ನೋಡಿದ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆಯೇ.

ಈಗ ಹಗಲಿನ ವಿಷಯಕ್ಕೆ ಬರೋಣ, ಏಕೆಂದರೆ ಹೆಚ್ಚಿನ ಪೋಷಕರು ಎಡವುವುದು ಇಲ್ಲಿಯೇ. ಶಾಲೆಯ ಶೌಚಾಲಯ ಗಲೀಜಾಗಿದೆಯೆಂದು, ಅದರ ಬಾಗಿಲಿಗೆ ಚಿಲಕವಿಲ್ಲವೆಂದು, ಪಾಠದ ನಡುವೆ ಕೇಳಿದರೆ ಬೈಗುಳ ಸಿಗುವುದೆಂದು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೂ ಕುಡಿಯದೆ ಮೂತ್ರವನ್ನೂ ತಡೆದುಕೊಂಡಿರುತ್ತಾರೆ. ಮನೆಗೆ ಬಂದ ಮೇಲೆ ದಿನದ ನೀರೆಲ್ಲವನ್ನೂ ಒಟ್ಟಿಗೆ ಕುಡಿಯುತ್ತಾರೆ. ಅದರ ಫಲ ರಾತ್ರಿ ಕಾಣಿಸುತ್ತದೆ. ಮಕ್ಕಳಿಗೆ ನೀರು ಕುಡಿಯಲು ನೆನಪಿಸಲೆಂದೇ ಬಾರಿಸುವ, 2019ರಲ್ಲಿ ಕೇರಳದ ಶಾಲೆಗಳಲ್ಲಿ ಸುದ್ದಿಯಾದ ನೀರಿನ ಗಂಟೆಯಂಥ ವ್ಯವಸ್ಥೆ ಪ್ರತಿ ಶಾಲೆಯಲ್ಲಿಯೂ ಇರಬೇಕು, ಅದರೊಂದಿಗೆ ಹೋಗಲು ಮನಸ್ಸಾಗುವಂಥ ಶೌಚಾಲಯವೂ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿಯವರೆಗೆ ತರಗತಿಯ ಶಿಕ್ಷಕಿಯೊಂದಿಗೆ ಏಕಾಂತದಲ್ಲಿ ಮಾತನಾಡಿ, ಎರಡು-ಮೂರು ಗಂಟೆಗೊಮ್ಮೆ ಮಗುವನ್ನು ಹೊರಗೆ ಬಿಡುವಂತೆ ಕೇಳಿಕೊಳ್ಳಿ. ಕುಡಿಯುವ ನೀರಿನ ಬಹುಪಾಲು ಸಂಜೆ ಐದರೊಳಗೆ ಮುಗಿಯಲಿ.

ಮಲಬದ್ಧತೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಟ್ಟಿಯಾದ ಮಲ ತುಂಬಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುವುದರಿಂದ, ಎಷ್ಟೋ ಮಕ್ಕಳಲ್ಲಿ ಮಲಬದ್ಧತೆ ಸರಿಹೋದೊಡನೆ ಒಣ ರಾತ್ರಿಗಳು ಹೆಚ್ಚುತ್ತವೆ. ಸೊಪ್ಪಿನ ಸಾರು, ರಾಗಿ ಮುದ್ದೆ, ಪಪ್ಪಾಯಿ, ಬೆಳಗಿನ ತಿಂಡಿಯ ನಂತರ ಹತ್ತು ನಿಮಿಷ ಅವಸರವಿಲ್ಲದೆ ಶೌಚಕ್ಕೆ ಕೂರುವ ಅಭ್ಯಾಸ ಇವು ನೆರವಾಗುತ್ತವೆ. ಸಾಲದಿದ್ದರೆ ವೈದ್ಯರು ಔಷಧ ಕೊಡುತ್ತಾರೆ.

ಸಂಜೆಯ ಮೇಲೆ ಚಹಾ, ಕಾಫಿ, ಕೋಲಾ ಬೇಡ. ಮಲಗುವ ಮುನ್ನ ಒಮ್ಮೆ ಮೂತ್ರಕ್ಕೆ ಹೋಗಲಿ. ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ, ಹಾಸಿಗೆಯ ಮೇಲೆ ರಬ್ಬರ್ ಶೀಟಿರಲಿ. ನಡುರಾತ್ರಿ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಹೋಗಿ ಮೂತ್ರ ಮಾಡಿಸಿದರೆ ಅಂದಿನ ಚಾದರ ಉಳಿದೀತು, ಆದರೆ ಮಗು ತಾನಾಗಿ ಏಳುವುದನ್ನು ಕಲಿಯುವುದಿಲ್ಲ. ಅಜ್ಜಿಯರು ಕೊಡುವ ಎಳ್ಳು ಬೆಲ್ಲದಿಂದ ಕೆಡುಕಿಲ್ಲ. ಅದನ್ನೇ ನಂಬಿ ವೈದ್ಯರ ಭೇಟಿಯನ್ನು ಮುಂದೂಡಬಾರದು, ಅಷ್ಟೆ.

ಇಷ್ಟು ಮಾಡಿದರೂ ಫಲ ಸಿಗದಿದ್ದರೆ, ಮಗುವಿಗೆ ಆರೇಳು ವರ್ಷವಾಗಿದ್ದರೆ, ಎರಡು ದಾರಿಗಳಿವೆ. ಒಳ ಉಡುಪಿಗೆ ಸಿಕ್ಕಿಸುವ ಅಲಾರಂ, ಮೊದಲ ಹನಿ ತಾಗಿದೊಡನೆ ಸದ್ದು ಮಾಡುತ್ತದೆ. ಆರಂಭದಲ್ಲಿ ಮನೆಯವರೆಲ್ಲರೂ ಎದ್ದರೂ ಮಗು ಏಳದು. ಹೆತ್ತವರು ಅದನ್ನು ಪೂರ್ತಿ ಎಚ್ಚರಿಸಿ ಬಚ್ಚಲಿಗೆ ನಡೆಸಬೇಕು. ಪ್ರತಿ ರಾತ್ರಿ ತಪ್ಪದೆ ಎರಡು-ಮೂರು ತಿಂಗಳು ಬಳಸಿ, ಸತತ 14 ರಾತ್ರಿ ಹಾಸಿಗೆ ಒಣಗಿದ್ದ ಬಳಿಕ ನಿಲ್ಲಿಸಬಹುದು. ದುಡಿದು ದಣಿದ ಹೆತ್ತವರಿಗೆ ಇದು ಸುಲಭವಲ್ಲ, ಆದರೂ ಬಹುಕಾಲ ಉಳಿಯುವ ಫಲ ಹೆಚ್ಚಾಗಿ ಸಿಗುವುದು ಇದರಿಂದಲೇ. ಎರಡನೆಯದು ಡೆಸ್ಮೋಪ್ರೆಸಿನ್ ಮಾತ್ರೆ. ಇದು ರಾತ್ರಿಯ ಮೂತ್ರವನ್ನು ತಗ್ಗಿಸುತ್ತದೆ, ಬಿಟ್ಟರೆ ತೊಂದರೆ ಮರುಕಳಿಸುವುದೂ ಉಂಟು. ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಬೇಕು. ಮಾತ್ರೆ ನುಂಗುವ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಹೆಚ್ಚು ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ಅಪಾಯವಾಗುತ್ತದೆ; ವಾಂತಿ, ಭೇದಿ, ಜ್ವರ ಬಂದ ದಿನ ಕೊಡಲೇಬಾರದು. ಶಾಲಾ ಪ್ರವಾಸಕ್ಕೆಂದು ಬಳಸುವುದಾದರೆ ಹೊರಡುವ ಕೆಲವು ವಾರ ಮೊದಲೇ ಮನೆಯಲ್ಲಿ ಕೊಟ್ಟು ನೋಡಿರಬೇಕು.

ಗದರಿಕೆ, ಹೊಡೆತ, ನೆಂಟರ ಮುಂದೆ ಆಡಿಕೊಳ್ಳುವುದರಿಂದ ಒಂದು ರಾತ್ರಿಯೂ ಒಣಗುವುದಿಲ್ಲ. ಮಗು ಒದ್ದೆ ಬಟ್ಟೆಯನ್ನು ಮಂಚದಡಿ ಬಚ್ಚಿಡಲು ಕಲಿಯುತ್ತದೆ, ಗೆಳೆಯರಿಂದ ದೂರವಾಗುತ್ತದೆ, ತನ್ನ ಮೇಲೆಯೇ ನಂಬಿಕೆ ಕಳೆದುಕೊಳ್ಳುತ್ತದೆ. ಚಾದರ ಬದಲಿಸಲು ಅದು ನೆರವಾಗಲಿ, ಆದರೆ ಶಿಕ್ಷೆಯಾಗಿ ಅಲ್ಲ. ಒಣ ರಾತ್ರಿ ಅದರ ಕೈಯಲ್ಲಿಲ್ಲದ್ದರಿಂದ ಬಹುಮಾನವನ್ನು ಅದಕ್ಕೆ ಕಟ್ಟಬೇಡಿ. ಮಲಗುವ ಮೊದಲು ನೆನಪಿಟ್ಟು ಮೂತ್ರಕ್ಕೆ ಹೋಗಿ ಬಂದದ್ದಕ್ಕೆ ಮೆಚ್ಚುಗೆಯ ಮಾತಾಡಿ. ವಾಸಿಯಾಯಿತೆಂದುಕೊಂಡ ಕೆಲವು ತಿಂಗಳ ಮೇಲೆ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ, ಸೋಂಕು ಇಲ್ಲವೆಂದು ನೋಡಿಕೊಂಡು ಅಲಾರಂ ಅನ್ನು ಪುನಃ ಕಟ್ಟಿ. ಎರಡನೆಯ ಸಲವೂ ಅದು ಹೆಚ್ಚಾಗಿ ಕೆಲಸ ಮಾಡುತ್ತದೆ.