ಸಕ್ಕರೆ ಅಚ್ಚು ಬೆಳ್ಳಗೆ ಬರಬೇಕಾದರೆ

ಸಂಕ್ರಾಂತಿ ದಿನ ಎಳ್ಳು ಬೀರೋಕೆ ಬರೋ ಹುಡುಗಿಯರ ತಟ್ಟೆ ನೋಡಿದರೆ ನನಗೆ ಸಂಕಟವಾಗುತ್ತೆ. ಸಕ್ಕರೆ ಅಚ್ಚು ಒಂದೋ ಅಂಗಡಿಯದು, ಇಲ್ಲವೇ ಮನೇಲೇ ಮಾಡಿದೆ ಅಂತ ಸೊಂಡಿಲು ಮುರಿದ ಹಳದಿ ಆನೆ. ಕೇಳಿದರೆ "ಸಕ್ಕರೆನೇ ಸರಿ ಇರಲಿಲ್ಲ ಅಜ್ಜಿ" ಅಂತಾರೆ. ಸಕ್ಕರೆ ಏನು ಮಾಡೀತಮ್ಮ? ಇಡೀ ಪಾತ್ರೆ ಪಾಕ ಒಲೆ ಮೇಲಿಟ್ಟು ಕುದಿಸ್ತಾನೇ ಇದ್ದರೆ ಹಳದಿಯಾಗದೆ ಇನ್ನೇನಾಗುತ್ತೆ!

ಅಚ್ಚಿನ ಮಣೆಗಳನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ. ಮರ ಹೊಟ್ಟೆ ತುಂಬ ನೀರು ಕುಡಿದಿರಬೇಕು, ಇಲ್ಲದಿದ್ದರೆ ಪಾಕವನ್ನು ಕಚ್ಚಿ ಹಿಡಿಯುತ್ತೆ. ಬೆಳಿಗ್ಗೆ ಬಟ್ಟೆ ಮೇಲೆ ಬೋರಲು ಹಾಕಿ ನೀರಿಳಿಸಿ, ಜೋಡಿ ನೋಡಿ ಕೂಡಿಸಿ, ದಾರ ಸುತ್ತಿ ಬಿಗಿಯಾಗಿ ಕಟ್ಟಿ. ನಮ್ಮತ್ತೆಯವರ ಬೃಂದಾವನದ ಮಣೆ ಮೂರು ತುಂಡಿನದು. ಜೋಡಿ ತಪ್ಪದಿರಲಿ ಅಂತ ಪ್ರತಿ ತುಂಡಿನ ಬೆನ್ನಿಗೂ ಗೀಟು ಕೆತ್ತಿಸಿದ್ದರು.

ಸಕ್ಕರೆಗೆ ಮುಳುಗುವಷ್ಟೇ ನೀರು. ಕುದಿ ಬಂದಾಗ ಒಂದು ಸೌಟು ಹಾಲಿಗೆ ಚೂರು ಮೊಸರು ಕದಡಿ ಸುರಿಯಿರಿ. ಅದು ಒಡೆದು, ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತೆ. ತೆಗೆದುಹಾಕಿ, ತೆಳು ಬಟ್ಟೆಯಲ್ಲಿ ಸೋಸಿ, ಮತ್ತೊಮ್ಮೆ ಹಾಗೇ ಮಾಡಿ. ಕೆಲವರು ನಿಂಬೆಹಣ್ಣು ಹಿಂಡ್ತಾರೆ. ಹುಳಿ ಹೆಚ್ಚಾದರೆ ಪಾಕ ಹರಳುಗಟ್ಟೋದೇ ಇಲ್ಲ, ಅಂಟಂಟಾಗಿ ಉಳಿಯುತ್ತೆ.

ಇನ್ನು ಮುಖ್ಯವಾದ ಮಾತು. ಸೋಸಿದ ಪಾಕವನ್ನು ಪಕ್ಕಕ್ಕಿಟ್ಟು, ಎರಡು ಮೂರು ಅಚ್ಚಿಗಾಗುವಷ್ಟನ್ನು ಮಾತ್ರ ಹಿಡಿ ಇರೋ ಸಣ್ಣ ಪಾತ್ರೆಗೆ ಹಾಕಿಕೊಳ್ಳಿ. ಬೆರಳುಗಳ ನಡುವೆ ಎಳೆ ಮುರಿಯದೆ ನಿಂತಾಗ ಕೆಳಗಿಳಿಸಿ, ಮರದ ಸೌಟಿನ ಬೆನ್ನಿನಿಂದ ಪಾಕವನ್ನು ಪಾತ್ರೆಯ ಒಳಗೋಡೆಗೆ ಒತ್ತಿ ಒತ್ತಿ ಉಜ್ಜಿ. ಸುಮ್ಮನೆ ತಿರುವಿದರೆ ಸಾಲದು, ಉಜ್ಜಬೇಕು. ಮೊದಲು ಏನೂ ಆಗೋದಿಲ್ಲ. ಆಮೇಲೆ ಸೌಟು ಹೋದ ದಾರಿಯಲ್ಲಿ ಬೆಳ್ಳನೆಯ ಗೆರೆ ಏಳುತ್ತೆ, ಅದು ಹರಡಿ ಪಾಕವೆಲ್ಲ ಅಕ್ಕಿ ತೊಳೆದ ನೀರಿನಂತಾಗುತ್ತೆ. ಆಗ ಕಿವಿ ಕೊಡಿ. ಅಲ್ಲಿಯವರೆಗೆ ಸದ್ದಿಲ್ಲದೆ ಜಾರುತ್ತಿದ್ದ ಸೌಟು ಸಣ್ಣ ಮರಳು ತುಳಿದ ಹಾಗೆ ಸರಸರ ಅನ್ನುತ್ತೆ. ಅದೇ ಗಳಿಗೆ! ಕೈ ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿದುಬಿಡಿ. ಮುಂಚೆ ಸುರಿದರೆ ಮಣೆಯಿಂದ ಬಿಡೋದಿಲ್ಲ, ಫೋನ್ ಎತ್ತೋಕೆ ಹೋದರೆ ಪಾತ್ರೆಯಲ್ಲೇ ಕಲ್ಲಾಗುತ್ತೆ. ಕಲ್ಲಾದರೂ ಅಳಬೇಡಿ, ಚೂರು ನೀರು ಹಾಕಿ ಕರಗಿಸಿ ಮತ್ತೆ ಉಜ್ಜಿ. ನಮ್ಮತ್ತೆ ಕೊನೆಗಾಲದಲ್ಲಿ ಕಣ್ಣು ಮಂಜಾದಾಗ ಬಾಗಿಲ ಹತ್ತಿರ ಕೂತು, ಸದ್ದು ಕೇಳಿಯೇ "ಸುರಿಯೇ!" ಅಂತ ಕೂಗೋರು. ಒಂದು ದಿನವೂ ತಪ್ಪಲಿಲ್ಲ.

ತಳ ಒಣಗಿ ಬರೀ ಬೆಚ್ಚಗಿದೆ ಅನ್ನಿಸಿದಾಗ ದಾರ ಬಿಚ್ಚಿ. ಚಾಕು ತೂರಿಸಬೇಡಿ, ಹಂಸದ ಕೊಕ್ಕು ಹೋಗೋದೇ ಹಾಗೆ. ನೆರಳಲ್ಲಿ ಅಚ್ಚು ಆರುವಷ್ಟರಲ್ಲಿ ಕೊಬ್ಬರಿ ಹೆಚ್ಚಿಕೊಳ್ಳಿ. ಅದರ ಕಪ್ಪು ಸಿಪ್ಪೆ ಪೂರ್ತಿ ಹೆರೆದಿರಲಿ, ಈಗಿನವರು ಅರೆಬರೆ ಬಿಟ್ಟು ಎಳ್ಳಿನ ಜೊತೆ ಕಲೆಸಿಬಿಡ್ತಾರೆ.

ಮೋಡ ಮುಚ್ಚಿದ ದಿನ ಈ ಕೆಲಸ ಬೇಡ. ಮಗಳ ಮನೆಗೆ ಕ್ಯಾಲಿಫೋರ್ನಿಯಾಗೆ ಹೋಗಿದ್ದಾಗ, ಪಕ್ಕದ ಮನೆಯ ಮೆಕ್ಸಿಕೋ ಹೆಂಗಸು ನವೆಂಬರ್ 2ರ ಹಿರಿಯರ ಹಬ್ಬಕ್ಕೆ ಸಕ್ಕರೆಯ ತಲೆಬುರುಡೆ ಮಾಡ್ತಿದ್ದಳು. ಮೊಟ್ಟೆಯ ಬಿಳಿ ಬೆರೆಸಿದ ಒದ್ದೆ ಸಕ್ಕರೆಯನ್ನು ಅಚ್ಚಿಗೆ ಒತ್ತಿ ಒಣಗಿಸೋದು, ಹಣೆಯ ಮೇಲೆ ತೀರಿಕೊಂಡವರ ಹೆಸರು ಬರೆಯೋದು. ನಮ್ಮ ಪಾಕ ಬೇರೆ, ಅವಳ ಕ್ರಮ ಬೇರೆ. ಆದರೆ ಗಾಳಿಯಲ್ಲಿ ತೇವವಿದ್ದ ದಿನ ಅವಳೂ ಸಕ್ಕರೆ ಮುಟ್ಟಲಿಲ್ಲ.

ಮಣೆಗಳಿಗೆ ಸೋಪು ತಾಗಿಸಬೇಡಿ. ಬಿಸಿನೀರಲ್ಲಿಟ್ಟರೆ ಸಕ್ಕರೆ ತಾನೇ ಕರಗಿ ಹೋಗುತ್ತೆ. ಬಿಸಿಲಿಗಿಟ್ಟರೆ ಸೀಳು ಬಿಡುತ್ತೆ, ನೆರಳಲ್ಲೇ ಒಣಗಲಿ.